ನನ್ನ ತಲೆ, ಊರಿನ ತೆಂಗಿನೆಣ್ಣೆ

ತೆಂಗಿನೆಣ್ಣೆ ಇಲ್ಲದೆ ನನಗೆ ಬಾಳಿಲ್ಲ, ಇದ್ದರೆ ಮಾನ ಉಳಿಯುವುದಿಲ್ಲ. ಉಡುಪಿ ಕಡೆಯವನು, ಮುಂಬಯಿಯ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವನು. ಎಣ್ಣೆ ಹಚ್ಚದೆ ಮುಲುಂಡಿನ ಮನೆಯಿಂದ ಹೊರಗೆ ಕಾಲಿಟ್ಟದ್ದೇ ಇಲ್ಲ. "ಇರುವುದು ನಾಲ್ಕು ಕೂದಲು, ಅದಕ್ಕೆ ನಲವತ್ತು ಹನಿ!" ಎನ್ನುತ್ತಾಳೆ ಹೆಂಡತಿ. ಈಚೆಗಂತೂ ಈ ಎಣ್ಣೆ ಮಗಳ ಮದುವೆಯನ್ನೇ ಮುಳುಗಿಸುವುದರಲ್ಲಿತ್ತು.

ಲೋಕಲಿನಲ್ಲಿ

ಊರಿಂದ ಬಂದ ಎಣ್ಣೆಯ ಕ್ಯಾನು ಹೊತ್ತು ಸಂಜೆ ಲೋಕಲ್ ರೈಲು ಹತ್ತಿದ್ದೆ. ಕುರ್ಲಾ ಬರುವಷ್ಟರಲ್ಲಿ ಮುಚ್ಚಳ ಸಡಿಲಾಗಿ ಎಣ್ಣೆಯೆಲ್ಲ ನನ್ನ ಪ್ಯಾಂಟಿಗಿಳಿಯಿತು. "ಅರೇ ಅಂಕಲ್, ದೂರ್ ಹಟೋ!" ಎಂದು ಒಬ್ಬ ಕೂಗಿದ. ಉಸಿರಾಡಲೂ ಎಡೆಯಿಲ್ಲದ ಬೋಗಿಯಲ್ಲಿ ನನ್ನ ಸುತ್ತ ಚಾಪೆ ಹಾಸುವಷ್ಟು ಜಾಗವಾಯಿತು. ಕೂರಲು ಸೀಟೂ ಸಿಕ್ಕಿತು. ಈಗಲೂ ನಾನು ರಶ್ ಬಗ್ಗೆ ಗೊಣಗಿದರೆ ಹೆಂಡತಿ ಕೇಳುತ್ತಾಳೆ, "ಒಂದು ಬಾಟ್ಲಿ ಎಣ್ಣೆ ಕೊಡ್ಲಾ?"

ಮರದ ಮೇಲೆ

ಸೊಸೈಟಿಯ ತೆಂಗಿನ ಮರದಿಂದ ಕಾಯಿ ಬಿದ್ದು ಕಾರಿನ ಗಾಜು ಒಡೆಯುತ್ತದೆಂದು ಮೀಟಿಂಗಿನಲ್ಲಿ ಗಲಾಟೆ. "ಕಾಯಿ ಕೀಳಲು ಕರಾವಳಿಯವನು ನಾನಿಲ್ವಾ?" ಎಂದುಬಿಟ್ಟೆ. ಸತ್ಯ ಹೇಳಬೇಕೆಂದರೆ, ಹತ್ತುವವರನ್ನು ನೋಡಿದ್ದೆ ಅಷ್ಟೇ.

ಭಾನುವಾರ ಇಡೀ ಬಿಲ್ಡಿಂಗ್ ನೋಡುತ್ತಿದ್ದಂತೆ ಮರ ತಬ್ಬಿ, ಕಣ್ಣು ಮುಚ್ಚಿ, ಏದುಸಿರು ಬಿಡುತ್ತಾ ಹತ್ತಿದೆ. ಇನ್ನಾಗದು ಎನಿಸಿದಾಗ ಕಿರುಚಿದೆ, "ಬೀಳ್ತೇನೆ ಮಾರಾಯ್ರೆ, ಏಣಿ ತನ್ನಿ!"

ನಮ್ಮ ವಾಚ್‌ಮನ್ ವಿಜಾಪುರದವನು. ನನ್ನ ಪಾದ ಹಿಡಿದು ಹೇಳಿದ, "ಏಣಿ ಯಾಕ್ರೀ ಸಾಹೇಬ್ರ? ಕಾಲು ಇಳಿಬಿಡ್ರಿ, ನೆಲ ಇಲ್ಲೇ ಐತಿ."

ಹೋಳಿಗೆಯ ಮೇಲೆ

ಮಗಳು ಮೆಚ್ಚಿದ ಮರಾಠಿ ಹುಡುಗನ ಮನೆಯವರು ಪರೇಲ್‌ನಿಂದ ಮಾತುಕತೆಗೆ ಬರುವವರಿದ್ದರು. "ಪಪ್ಪಾ, ಪ್ಲೀಸ್, ಆ ದಿವಸ ತಲೆಗೆ ಎಣ್ಣೆ ಬೇಡ. ಅವನ ಮಮ್ಮಿಗೆ ಆ ಸ್ಮೆಲ್ ಆಗುದಿಲ್ಲ" ಎಂದು ಮಗಳು ಅಂಗಲಾಚಿದಳು. ಪಾಪ, ಅನಿಸಿತು. ಜೀವಮಾನದಲ್ಲೇ ಮೊದಲ ಬಾರಿಗೆ ಶಾಂಪೂ ಹಾಕಿ, ತಿಕ್ಕಿ ತಿಕ್ಕಿ ತೊಳೆದೆ.

ಜನವರಿಯ ಚಳಿ. ಊಟಕ್ಕೆ ಕೂತಾಗ ಹೆಂಡತಿ, "ಹೋಳಿಗೆಗೆ ತುಪ್ಪ ಕರಗಿಸಿ ತನ್ನಿ" ಎಂದಳು. ಒಲೆ ಪಕ್ಕದ ಡಬ್ಬಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಧಾರಾಳವಾಗಿ ಸುರಿದೆ. ಹುಟ್ಟಿದಾಗಿನಿಂದ ಪಳಗಿದ ನನ್ನ ಮೂಗಿಗೆ ಏನೂ ಗೊತ್ತಾಗಲಿಲ್ಲ.

ಹುಡುಗನ ತಾಯಿ ಮೂಗು ಮುರಿದರು. "ತೆಂಗಿನೆಣ್ಣೆ ವಾಸನೆ ಅಲ್ವಾ?"

"ಪಪ್ಪಾ! ಹೇಳಿದ್ದೆ ಅಲ್ವಾ?" ಮಗಳ ಕಣ್ಣಲ್ಲಿ ನೀರು.

ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಮುಚ್ಚಳವನ್ನೇ ತೆಗೆಯದ ತುಪ್ಪದ ಡಬ್ಬಿ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದಳು. ಹಾಗಾದರೆ ನಾನು ಸುರಿದದ್ದು ತೆಂಗಿನೆಣ್ಣೆ! ಬೀಗಿತ್ತಿಗೆ ಎಣ್ಣೆ ತಿನ್ನಿಸಿದೆವೆಂದರೆ ಸಂಬಂಧ ಅಲ್ಲಿಗೇ ಮುಗಿಯಿತು! ಶಾಂಪೂ ಹಾಕಿದ ತಲೆ ತಗ್ಗಿಸಿ, "ನನ್ನ ತಲೆಯದೇ" ಎಂದು ಎದ್ದು ಬಾಲ್ಕನಿಯಲ್ಲಿ ಕೂತೆ.

ಹೆಂಡತಿ "ಅಯ್ಯೋ, ತಣ್ಣಗಾಯ್ತು" ಎಂದು ತಟ್ಟೆ ಬದಲಿಸಿ ನಿಜವಾದ ತುಪ್ಪ ಬಡಿಸಿದಳು. ಒಳಗಿನಿಂದ ಬೀಗಿತ್ತಿಯ ಮಾತು ಕೇಳಿಸಿತು.

"ನೋಡಿ, ಅವರು ಎದ್ದು ಹೋದ ಮೇಲೆ ತುಪ್ಪದ ಘಮ ಬಂತು! ಹುಡುಗಿ ನಮಗೆ ಒಪ್ಪಿಗೆ. ಆದರೆ ಕನ್ಯಾದಾನಕ್ಕೆ ಕೂರಲು ಅವರ ಬದಲು ಚಿಕ್ಕಪ್ಪ ಯಾರಾದರೂ ಇದ್ದಾರಾ?"