ಒಂಟೆಯ ಹಲ್ಲನ್ನು ನುಂಗಿ ಕುಳಿತ ಕಂಪ್ಯೂಟರ್ ಮಹಾಶಯರಿಗೆ

ಪ್ರತಾಪ ನಗರ, ನಾಗಪುರ
ಅಕ್ಟೋಬರ್ 2000

ಮಾನ್ಯರೇ,

ನಮ್ಮ ನಡುಮನೆಯ ಆಗ್ನೇಯ ಮೂಲೆಯಲ್ಲಿ ಕಸೂತಿಯ ಮುಸುಕು ಹೊದ್ದು, ಸ್ವಂತ ಸ್ಟೆಬಿಲೈಸರ್ ಸಮೇತ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ಈ ಮನೆಯ ಯಜಮಾನನೆಂದು ರೇಷನ್ ಕಾರ್ಡಿನಲ್ಲಿ ಮಾತ್ರ ಕರೆಸಿಕೊಳ್ಳುವ ಬಿಂದುಮಾಧವನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಮೈಮೇಲಿನ ಹಸಿರು ದೀಪ ಉರಿಯುತ್ತಲೇ ಇರುವುದರಿಂದ ಹಾಗೆ ನಂಬಲು ಆಧಾರವೂ ಇದೆ. ನಮ್ಮ ಕಡೆ ಮಾತ್ರ ಯಾರೂ ಕ್ಷೇಮವಾಗಿಲ್ಲ.

ತಮ್ಮನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ಕರೆತಂದ ದಿನದಿಂದ ಸತ್ಕಾರದಲ್ಲಿ ನಾವು ಏನು ಕಡಿಮೆ ಮಾಡಿದೆವೆಂದು ದಯವಿಟ್ಟು ತಿಳಿಸಬೇಕು. ತಮ್ಮ ಮುಂದೆ ಚಪ್ಪಲಿ ಹಾಕಿಕೊಂಡು ಯಾರೂ ಓಡಾಡುವುದಿಲ್ಲ. ತಮಗೆ ಧೂಳು ಆಗದೆಂದು ಒಗ್ಗರಣೆಯ ಹೊತ್ತಿಗೆ ಅಡುಗೆಮನೆಯ ಬಾಗಿಲು ಹಾಕುತ್ತೇವೆ. ಒಗ್ಗರಣೆಗೂ ಧೂಳಿಗೂ ಏನು ಸಂಬಂಧವೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಈ ಅಕ್ಟೋಬರಿನ ಬಿಸಿಲಿಗೆ ತಮಗೆ ಸೆಕೆಯಾದೀತೆಂದು ಅಟ್ಟಕ್ಕೇರಿಸಿದ್ದ ಕೂಲರನ್ನು ಮತ್ತೆ ಇಳಿಸಿ ತಮ್ಮ ಕಡೆಗೆ ತಿರುಗಿಸಿ ಇಟ್ಟು, ನಾವು ಗಂಡ ಹೆಂಡತಿ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೇವೆ.

ಇಷ್ಟಾದರೂ ದಸರೆಯ ಬೆಳಿಗ್ಗೆಯಿಂದ ತಾವು ಮುನಿದಿದ್ದೀರಿ. ಸ್ವಿಚ್ ಒತ್ತಿದ ಕೂಡಲೇ ತುರ್ತು ಕೆಲಸವಿದ್ದವರಂತೆ ಗುರುಗುಟ್ಟುತ್ತೀರಿ, ಆಮೇಲೆ ಬೀಪ್ ಬೀಪ್ ಎಂದು ಬಿಡದೆ ಕೂಗುತ್ತೀರಿ, ಕೊನೆಗೆ ಕಪ್ಪು ಪರದೆಯ ಮೇಲೆ ಎರಡು ಸಾಲು ದಯಪಾಲಿಸುತ್ತೀರಿ: ಕೀಬೋರ್ಡಿನಲ್ಲಿ ದೋಷವಿದೆ, ಮುಂದುವರಿಯಲು ಎಫ್ ಒನ್ ಗುಂಡಿ ಒತ್ತಿರಿ. ಆ ಗುಂಡಿ ಇರುವುದು ಅದೇ ಕೀಬೋರ್ಡಿನಲ್ಲಿ! ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ ಕೂದಲು ಹಣ್ಣು ಮಾಡಿಕೊಂಡ ನಾನು, ಬಂದವರನ್ನು ವಾಪಸು ಕಳಿಸುವುದಕ್ಕೆ ಇಷ್ಟು ಚಿಕ್ಕದಾದ, ಇಷ್ಟು ಪರಿಪೂರ್ಣವಾದ ಉತ್ತರವನ್ನು ಈವರೆಗೆ ಬರೆದಿಲ್ಲ, ಮೇಲಧಿಕಾರಿಗಳು ಬರೆದದ್ದನ್ನೂ ಕಂಡಿಲ್ಲ. ತಮ್ಮ ಪ್ರತಿಭೆಗೆ ತಕ್ಕ ಹುದ್ದೆ ನಮ್ಮ ಇಲಾಖೆಯಲ್ಲಿದೆ, ನಮ್ಮ ಮನೆಯಲ್ಲಲ್ಲ.

ತಮ್ಮ ಮುನಿಸು ನನ್ನೊಬ್ಬನ ಮೇಲಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಮ್ಮ ಹೊಟ್ಟೆಯೊಳಗೆ ನನ್ನ ಹೆಂಡತಿ ಕೃಷ್ಣವೇಣಿ ಬರೆದ ನಾಟಕವಿದೆ. ಮದುವೆಯಾದಾಗಿನಿಂದ ಕಿರಾಣಿ ಚೀಟಿ ಮತ್ತು ಶಾಲೆಯ ಪ್ರಶ್ನೆಪತ್ರಿಕೆ ಬಿಟ್ಟು ಬೇರೇನನ್ನೂ ಬರೆಯದ ಆಕೆ, ಬರುವ ಭಾನುವಾರ ಇಲ್ಲಿನ ಕನ್ನಡ ಮಂಡಳಿಯಲ್ಲಿ ಮಕ್ಕಳಿಂದ ಆಡಿಸಲೆಂದು 'ಒಂಟೆಯ ಹಲ್ಲುನೋವು' ಬರೆದಿದ್ದಾಳೆ. ಮಂಡಳಿಯ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಕನ್ನಡದ ಮಾತುಗಳನ್ನೆಲ್ಲ ದೇವನಾಗರಿ ಅಕ್ಷರದಲ್ಲಿ ಒಂದೊಂದೇ ಬೆರಳಿನಿಂದ ಕುಟ್ಟಿ ತಮ್ಮ ವಶಕ್ಕೆ ಕೊಟ್ಟಳು. ಛಾಪಿಸಿ ಹಂಚಿದ್ದು ಅರ್ಧ ಮಾತ್ರ. ಈಗ ಒಂಟೆಯಾದ ಹುಡುಗಿ ಮೃದುಲಾ ಗಲ್ಲ ಹಿಡಿದುಕೊಂಡು ಮನೆಮನೆ ತಿರುಗುತ್ತಿದ್ದಾಳೆ, ಹಲ್ಲು ಕೀಳುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇನ್ನೊಮ್ಮೆ ನೆನಪಿನಿಂದ ಬರೆದರಾಯಿತಲ್ಲ ಎಂದು ನಾನು ಸಲಹೆ ಕೊಟ್ಟೆ. "ಒಮ್ಮೆ ಬಂದದ್ದು ಮತ್ತ ಹಂಗ ಬರ್ತದೇನ್ರಿ?" ಎಂದಳು. ಕೈಯಲ್ಲಿದ್ದ ಅರ್ಧ ನಾಟಕವನ್ನು ಮಡಿಸಿ ಎತ್ತಿಟ್ಟಳು. ನನಗೆ ತಮ್ಮ ಮೇಲೆ ನಿಜವಾದ ಸಿಟ್ಟು ಬಂದದ್ದು ಆಗ.

ತಮ್ಮನ್ನು ಮಾರಿದ ಅಂಗಡಿಗೆ ಫೋನು ಮಾಡಿದರೆ "ಬಂದ್ ಕರ್ ಕೇ ಚಾಲೂ ಕರೋ" ಎಂಬ ಉಪದೇಶ ಸಿಕ್ಕಿತು. ಬಂದ್ ಮಾಡಿದೆ, ಚಾಲೂ ಮಾಡಿದೆ, ತಾವು ಕೂಗಿದಿರಿ. ಎದುರು ಮನೆಯ ಗಂಗೂಬಾಯಿಯವರು ಬಾಗಿಲಲ್ಲೇ ನಿಂತು "ನಜರ್ ಲಾಗಲೀ ಹೋ!" ಎಂದು ದೃಷ್ಟಿಯ ತೀರ್ಮಾನ ಕೊಟ್ಟು, ತಮ್ಮ ನೆತ್ತಿಗೆ ನಿಂಬೆಹಣ್ಣು ಮೆಣಸಿನಕಾಯಿ ಇಳಿಬಿಟ್ಟು ಹೋದರು. ಕೊನೆಗೆ ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ಷಡ್ಡಕ ಗಿರಿಧರನನ್ನು ಕರೆಸಿದೆ. ಇಷ್ಟು ಊರಿಗೆ ಕರೆಂಟು ಕಳಿಸುವವನಿಗೆ ಒಂದು ಪೆಟ್ಟಿಗೆಯ ಸಂಕಟ ತಿಳಿಯದೇ ಇದ್ದೀತೆ? ಆತ ಪ್ಲಗ್ಗನ್ನು ಮೂಸಿದ, ತಮ್ಮ ಬೆನ್ನ ಹಿಂದಿನ ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದ, ಎರಡು ಲೋಟ ಚಹಾ ಕುಡಿದ, "ಕರೆಂಟ್ ನಮ್ಮ ಕಡಿಂದ ಬರೋಬರ್ ಹೊಂಟದ, ಖರಾಬಿ ನಿಮ್ಮನ್ಯಾಗೇ ಅದ" ಎಂದು ಹೇಳಿ ಬಸ್ಸು ಹತ್ತಿದ.

ನಮ್ಮ ಮನೆಯಲ್ಲಿ ಏನು ಖರಾಬಿಯಿದೆ, ಮಾನ್ಯರೇ? ಖಂಡೇನವಮಿಯ ದಿನ ಸ್ಕೂಟರಿಗೂ ಹೊಲಿಗೆ ಮಷೀನಿಗೂ ಒಂದೊಂದು ಹೂವು, ಚಿಟಿಕೆ ಕುಂಕುಮ ಸಿಕ್ಕರೆ ತಮಗೆ ನಾನು ಮಡಿಯುಟ್ಟು ಸರಸ್ವತಿಯ ಅಷ್ಟೋತ್ತರವನ್ನೇ ಹೇಳಿದ್ದೇನೆ. ಒಂದೊಂದು ಹೆಸರಿಗೆ ಕೀಬೋರ್ಡಿನ ಒಂದೊಂದು ಗುಂಡಿಗೆ ಅಕ್ಷತೆ ಏರಿಸಿದೆ. ಹೆಸರು ನೂರೆಂಟು, ಗುಂಡಿ ನೂರ ನಾಲ್ಕು. ಉಳಿದ ನಾಲ್ಕು ಹೆಸರು ವ್ಯರ್ಥವಾಗಬಾರದೆಂದು ಎಲ್ಲಕ್ಕಿಂತ ಉದ್ದವಾಗಿರುವ ಕೆಳಗಿನ ಪಟ್ಟಿಗೆ ನಾಲ್ಕು ಸಲ ಧಾರಾಳವಾಗಿ ಸುರಿದೆ. ಪೂಜೆಗಿಟ್ಟದ್ದನ್ನು ದಸರೆಯವರೆಗೆ ಅಲುಗಿಸಬಾರದೆಂದು ಅಕ್ಷತೆಯನ್ನು ಒರೆಸಲೂ ಬಿಡಲಿಲ್ಲ. ಸ್ಕೂಟರು ಒಂದೇ ಒದೆತಕ್ಕೆ ಶುರುವಾಯಿತು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ತಾವೊಬ್ಬರೇ ಕೃತಘ್ನರು.

ಆದ್ದರಿಂದ ತಮ್ಮಲ್ಲಿ ಬಿನ್ನಹ. ಇನ್ನು ಮುಂದೆ ಮುನಿಯುವುದಿದ್ದರೆ ಮುಂಚಿತವಾಗಿ ರಜೆಯ ಅರ್ಜಿ ಕೊಡಬೇಕು. ತಡವಾಗಿ ಬಂದರೂ ಅಡ್ಡಿಯಿಲ್ಲ, ನಮ್ಮ ಕಚೇರಿಯವರಂತೆ ಬಂದು ಸಹಿ ಮಾಡಿ ಚಹಾಕ್ಕಾದರೂ ಹೋಗಬೇಕು. ಅದೂ ಆಗದಿದ್ದರೆ, ಫ್ಲಾಪಿ ನುಂಗುವ ಆ ಬಾಯಿಯಿಂದಲೇ ನಾಟಕದ ಉಳಿದರ್ಧವನ್ನು ಉಗುಳಿಬಿಡಬೇಕು. ಬಟ್ಟಲು ಹಿಡಿದು ನಿಲ್ಲಲು ನಾನು ಸಿದ್ಧನಿದ್ದೇನೆ. ಕೃಷ್ಣವೇಣಿ ಈಗ ಅರ್ಧ ನಾಟಕ ಹಿಡಿದುಕೊಂಡು ತಾಲೀಮಿಗೆ ಹೋಗಿದ್ದಾಳೆ. ಅವಳು ಬರಿಗೈಯಲ್ಲಿ ಮರಳಿದರೆ ಈ ಮನೆಯಲ್ಲಿ ತಾವು ಮತ್ತು ನಾನು ಇಬ್ಬರೇ ಮುಖ ನೋಡಿಕೊಂಡು ಬಾಳಬೇಕಾದೀತು.

ಎಫ್ ಒನ್ ಒತ್ತಿ ಒತ್ತಿ ಬೆರಳು ಸವೆಸಿಕೊಂಡ,
ತಮ್ಮ ವಿಶ್ವಾಸಿ,
ಬಿಂದುಮಾಧವ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಕೃಷ್ಣವೇಣಿ ನಗುತ್ತಾ ಬಂದಳು. ಮುಂದೇನು ಎಂದು ಮಕ್ಕಳನ್ನೇ ಕೇಳಿದಳಂತೆ. ಅವರು ಕಿರುಚಾಡಿ, ಜಗಳಾಡಿ, ಉಳಿದರ್ಧವನ್ನು ಅಲ್ಲೇ ಕಟ್ಟಿ ಮುಗಿಸಿದರಂತೆ. ಹೇಳುತ್ತ ಹೇಳುತ್ತಲೇ ತಮ್ಮ ಕೀಬೋರ್ಡನ್ನು ಎತ್ತಿ ಬೋರಲು ಹಾಕಿ ಬೆನ್ನಿಗೆ ನಾಲ್ಕು ಬಾರಿಸಿದಳು. ಗುಂಡಿಗಳ ಸಂದಿಯಿಂದ ಒಂದು ಮುಷ್ಟಿ ಅಕ್ಷತೆ ಉದುರಿತು, ಸ್ವಿಚ್ ಒತ್ತಿದರೆ ತಾವು ಒಂದು ಬೀಪೂ ಇಲ್ಲದೆ ತೆರೆದುಕೊಂಡಿರಿ. ಹಳೆಯ ನಾಟಕ ತೆಗೆಯಲೇ ಎಂದೆ. "ಇರ್ಲಿ ಬಿಡ್ರಿ, ನಮ್ಮ ಹುಡುಗರದ್ದೇ ಚಲೋ ಅದ" ಎಂದು ಒಂಟೆಗೆ ಬಾಲ ಹೊಲಿಯಲು ಕೂತಳು. ಭಾನುವಾರ ಮಂಡಳಿಗೆ ಮನೆಮಂದಿಯೆಲ್ಲ ಹೋಗುತ್ತೇವೆ, ಗಂಗೂಬಾಯಿಯವರೂ ಬರುತ್ತಾರೆ. ತಮಗೆ ಆಮಂತ್ರಣವಿಲ್ಲ.