ಮಾವನ ಮೇದೋಜೀರಕ ಕದ್ದವರ್ಯಾರು?

ಮಾವನ ಜಠರ ಪದೇಪದೇ ಉದುರಿ ಬೀಳುತ್ತಿದ್ದುದೇ ಈ ರಾದ್ಧಾಂತಕ್ಕೆಲ್ಲ ಮೂಲ.

ಮಾವ ಎಂದರೆ ಯಾರ ಮಾವನೂ ಅಲ್ಲ. ನರ್ಸಿಂಗ್ ಶಾಲೆಯ ಮಾದರಿ ಕೋಣೆಯಲ್ಲಿ ನಿಂತಿದ್ದ ಆಳೆತ್ತರದ ಪ್ಲಾಸ್ಟಿಕ್ ಮನುಷ್ಯ. ಹೊಟ್ಟೆಯ ಮುಚ್ಚಳ ತೆಗೆದರೆ ಒಳಗಿನ ಅಂಗಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಬಹುದಿತ್ತು. ಕೋಣೆಗೆ ಹೊಸದಾಗಿ ಬಂದಿದ್ದ ಉಸ್ತುವಾರಿ ಅದಕ್ಕೆ ಮುಂಚೆ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಯಾವುದೇ ವಸ್ತು ಸಡಿಲವಾಗಿದ್ದರೆ ಅವನಿಗೆ ನಿದ್ದೆ ಬಾರದು. ನಿನ್ನೆ ಸಂಜೆ ಜಠರಕ್ಕೆ ಒಳ್ಳೆಯ ಅಂಟು ಮೆತ್ತಿ, ಜಪ್ಪಯ್ಯ ಅಂದರೂ ಅಲ್ಲಾಡದಂತೆ ಕೂರಿಸಿ ಮನೆಗೆ ಹೋಗಿದ್ದ.

ಇವತ್ತು ತಪಾಸಣೆ. ಡಾಕ್ಟರಮ್ಮ ಬಂದು ಕೋಣೆ ನೋಡಿ ಸೈ ಅಂದರೆ ಅವನ ಕೆಲಸ ಕಾಯಂ. ಹೆಂಡತಿ ಬೆಳಗ್ಗೆಯೇ ಎಚ್ಚರಿಸಿದ್ದಳು: "ಇವತ್ತೂ ಕಾಯಂ ಆಗ್ಲಿಲ್ಲ ಅಂದ್ರೆ ನಮ್ಮಪ್ಪನಿಗೆ ನೀವೇ ಫೋನ್ ಮಾಡಿ ಹೇಳ್ಕೊಳ್ಳಿ. ನನ್ನ ಕೈಲಾಗಲ್ಲ."

ಹತ್ತು ಗಂಟೆಗೆ ಗೋಡೆಯ ಚಿತ್ರಪಟ ನೋಡುತ್ತ ಒಂದೊಂದೇ ಅಂಗ ತಾಳೆ ನೋಡಿದ. ಹೃದಯ ಇದೆ. ಶ್ವಾಸಕೋಶ ಎರಡೂ ಇವೆ. ಚಿತ್ರಪಟದ ಹೊಟ್ಟೆಯ ನಡುಮಧ್ಯದಲ್ಲಿ ಹಳದಿ ಬಣ್ಣದ್ದೊಂದು ಅಡ್ಡಡ್ಡ ಮಲಗಿತ್ತು: ಮೇದೋಜೀರಕ ಗ್ರಂಥಿ. ಮಾವನ ಹೊಟ್ಟೆಯಲ್ಲಿ ಹಳದಿಯ ಸುಳಿವೇ ಇಲ್ಲ.

"ಏನಯ್ಯಾ, ಬೆಳಗ್ಗೆ ಬೆಳಗ್ಗೆ ಮಾವನ ಹೊಟ್ಟೆಗೆ ಕೈ ಹಾಕಿದ್ದೀಯ?" ಗುಮಾಸ್ತ ಬಾಗಿಲಲ್ಲಿ ನಿಂತಿದ್ದ. ಇದೇ ಕೆಲಸಕ್ಕೆ ಅವನ ಭಾವಮೈದುನ ಅರ್ಜಿ ಹಾಕಿದ್ದ.

"ಮೇದೋಜೀರಕ ಕಳುವಾಗಿದೆ ಸಾರ್," ಎಂದು ಉಸ್ತುವಾರಿ ಅವನ ಹೆಗಲನ್ನೇ ದಿಟ್ಟಿಸಿದ. ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಲ್ಲ! ಗುಮಾಸ್ತ ಮುಟ್ಟಿಕೊಳ್ಳಲಿಲ್ಲ. ಪಕ್ಕಾ ಪಳಗಿದ ಕಳ್ಳ ಇರಬೇಕು.

"ಅಯ್ಯೋ ಪಾಪ!" ಎಂದ ಗುಮಾಸ್ತ, ಕನಿಕರವೇನೂ ಕಾಣದ ಮುಖದಲ್ಲಿ. "ನಾನ್ ಹೇಳ್ದೆ ಅನ್ಬೇಡ. ನಿನ್ನೆ ಆ ಜೀಪ್ ಡ್ರೈವರ್ರು ಈ ಕಡೆ ಸುಳಿದಾಡ್ತಿದ್ದ. ಲೈಬ್ರರಿ ಮೇಡಮ್ಮೂ ಅಷ್ಟೇ, ಅವರ ಚೀಲ ನೋಡಿದ್ದೀಯಾ? ಮನುಷ್ಯನ್ನೇ ತುಂಬ್ಕೊಂಡು ಹೋಗ್ಬಹುದು."

ಉಸ್ತುವಾರಿ ಲೈಬ್ರರಿಗೆ ಓಡಿದ. ಮೇಡಂ ಅವನ ಮಾತು ಕೇಳುತ್ತಲೇ ಪರಪರ ಹೆಗಲು ಕೆರೆದುಕೊಂಡರು. ಸಿಕ್ಕಿಬಿದ್ದರು! ಅವನು ಚೀಲಕ್ಕೆ ಕೈಹಾಕಿ ಎಳೆದರೆ ಬಂದದ್ದು ಉಲ್ಲನ್ ಉಂಡೆ.

"ಏನ್ರೀ ನೀವು, ಹೆಂಗಸರ ಚೀಲಕ್ಕೆ ಕೈ ಹಾಕ್ತೀರಾ? ಸ್ವೆಟರ್ ಚುಚ್ಚುತ್ತೆ, ಕೆರ್ಕೊಂಡೆ. ಆ ಗ್ರಂಥಿ ಹೇಗಿರುತ್ತೆ ಅಂತಾದ್ರೂ ಗೊತ್ತಾ ನಿಮಗೆ?" ಮೇಡಂ ದಪ್ಪ ಪುಸ್ತಕ ತೆಗೆದು ಓದಿದರು. "ಹಳದಿ ಬಣ್ಣ. ಒಂದು ಗೇಣಿಗಿಂತ ಕಮ್ಮಿ ಉದ್ದ. ಮೈಯೆಲ್ಲ ಗಂಟುಗಂಟು. ದಪ್ಪ ತುದಿ ತಲೆ, ಸಣ್ಣ ತುದಿ ಬಾಲ..."

"ಬಾಲ ಬೇರೆ ಇದೆಯಾ!"

ಅಷ್ಟರಲ್ಲಿ ಕಿಟಕಿಯಾಚೆ ಡ್ರೈವರ್ ಕಂಡ. ಜೀಪಿನ ಮರೆಯಲ್ಲಿ ಕೂತು, ಕಾಗದದಿಂದ ಏನನ್ನೋ ಬಿಚ್ಚುತ್ತಿದ್ದ. ಹಳದಿ, ಗೇಣುದ್ದ, ಮೈಯೆಲ್ಲ ಗಂಟು! ಉಸ್ತುವಾರಿ ಬಿದ್ದಂಬೀಳ ಓಡಿದ.

"ರೀ, ಇನ್ನೂ ಒಂದ್ ಸಾಲಿದೆ ಕೇಳ್ರಿ!" ಎಂದು ಮೇಡಂ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ.

"ಕೊಡೋ ಕಳ್ಳ!" ಎಂದು ಕಿತ್ತುಕೊಂಡ. ಬಿಸಿಯಾಗಿತ್ತು. ಬೇಯಿಸಿದ ಮೆಕ್ಕೆಜೋಳದ ತೆನೆ. ಡ್ರೈವರ್ ಸಣ್ಣ ತುದಿಗೆ ಆಗಲೇ ಒಮ್ಮೆ ಬಾಯಿ ಹಾಕಿದ್ದ.

"ಅಣ್ಣಾ, ಬೆಳಗ್ಗೆಯಿಂದ ಹೊಟ್ಟೆಗೇನೂ ಇಲ್ಲ ನಂಗೆ. ಕೊಡಣ್ಣಾ!"

ಆಗಲೇ ಗೇಟಿನಲ್ಲಿ ಡಾಕ್ಟರಮ್ಮನ ಕಾರಿನ ಹಾರ್ನ್ ಕೇಳಿಸಿತು. ಉಸ್ತುವಾರಿ ತೆನೆ ನೋಡಿದ. ದಪ್ಪ ತುದಿ ತಲೆ, ಸಣ್ಣ ತುದಿ ಬಾಲ. ಮನಸ್ಸಿನಲ್ಲಿ ಮಾವನಿಗೆ ಕೈಮುಗಿದು ಒಳಗೆ ಓಡಿದವನೇ, ಜಠರದ ಮೇಲೆ ಅಡ್ಡಲಾಗಿ ತೆನೆ ಇಟ್ಟು, ಉಳಿದ ಅಂಟನ್ನೆಲ್ಲ ಸುರಿದು ಒತ್ತಿ ಹಿಡಿದ.

ಡಾಕ್ಟರಮ್ಮ ಬಂದರು. ಹಿಂದೆ ಗುಮಾಸ್ತ, ಮೇಡಂ, ಹಸಿದ ಡ್ರೈವರ್. ಡಾಕ್ಟರಮ್ಮ ಕನ್ನಡಕ ಏರಿಸಿ ಮಾವನ ಹೊಟ್ಟೆಗೆ ಬಗ್ಗಿದರು.

"ಇದೇನಿದು?"

"ಮೇದೋಜೀರಕ, ಮೇಡಂ."

"ಬಾಲಕ್ಕೆ ಯಾರು ಬಾಯಿ ಹಾಕಿದ್ದು?"

ಡ್ರೈವರ್ ಪಾಪ, ಪ್ರಾಮಾಣಿಕ. "ನಾನೇ, ಮೇಡಂ," ಅಂದುಬಿಟ್ಟ.

ಡಾಕ್ಟರಮ್ಮ ಜಠರವನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಯಿಂದ ಕೊಡ ಎಳೆಯುವಂತೆ ಎಳೆದರು. ಫಟ್ ಎಂದು ಕಿತ್ತು ಬಂತು, ತೆನೆಯ ಸಮೇತ. ಅದರ ಹಿಂದೆ, ಸಣ್ಣ ಕರುಳಿನ ಬಾಗಿನಲ್ಲಿ ತಲೆಯಿಟ್ಟು, ಗುಲ್ಮದ ಕಡೆಗೆ ಬಾಲ ಚಾಚಿಕೊಂಡು, ಹಳದಿ ಹಳದಿಯಾಗಿ ಮೇದೋಜೀರಕ ಆರಾಮಾಗಿ ಮಲಗಿತ್ತು.

"ಅದು ಇರೋದೇ ಜಠರದ ಹಿಂದೆ ಕಣಪ್ಪ. ಎಲ್ಲರಿಗೂ ಕಾಣ್ಲಿ ಅಂತ ಚಿತ್ರದಲ್ಲಿ ಜಠರ ತೆಗೆದು ಬರೆದಿದ್ದಾರೆ."

"ಅದೇ ರೀ ಆ ಒಂದ್ ಸಾಲು!" ಎಂದರು ಲೈಬ್ರರಿ ಮೇಡಂ.

"ಮಕ್ಕಳು ತೆಗೆದು ನೋಡೋ ಜಠರಕ್ಕೆ ಅಂಟು ಹಾಕಿ, ಗ್ರಂಥಿ ಬಚ್ಚಿಟ್ಟ ಆ ಕಳ್ಳ ಯಾರು?" ಎಂದು ಡಾಕ್ಟರಮ್ಮ ಕೇಳಿದರು.

ಉಸ್ತುವಾರಿಯ ಕೈ ತಾನಾಗಿಯೇ ಹೋಗಿ ಅವನ ಹೆಗಲು ಮುಟ್ಟಿತು.

ಇನ್ನೂ ಆರು ತಿಂಗಳು ತಾತ್ಕಾಲಿಕ ಎಂದು ಬರೆದು ಡಾಕ್ಟರಮ್ಮ ಹೊರಟರು. ಗುಮಾಸ್ತ ಭಾವಮೈದುನನಿಗೆ ಫೋನ್ ಮಾಡಲು ಓಡಿದ. ಉಸ್ತುವಾರಿ ಮಾವನಿಗೆ, ಅಂದರೆ ಹೆಂಡತಿಯ ಅಪ್ಪನಿಗೆ, ಏನು ಹೇಳಲಿ ಎಂದು ತಲೆ ಮೇಲೆ ಕೈ ಹೊತ್ತು ಕೂತ. ಡ್ರೈವರ್ ಮಾತ್ರ ಜಠರವನ್ನು ತೊಡೆಯ ಮೇಲಿಟ್ಟುಕೊಂಡು ತೆನೆ ಎಳೆದ, ತಿರುಚಿದ, ಕೊನೆಗೆ ಹಲ್ಲು ಹಚ್ಚಿಯೂ ನೋಡಿದ. ಅದು ಅಲ್ಲಾಡಲಿಲ್ಲ.

"ಏನಣ್ಣಾ ಇದು," ಎಂದ ಅಳುಮುಖದಲ್ಲಿ, "ನೀನೇ ತಾತ್ಕಾಲಿಕ, ನಿನ್ನ ಅಂಟು ಮಾತ್ರ ಕಾಯಂ!"