ಡಬ್ಬಿಯೊಳಗಿನ ಹೊಸ ಕಾರ್ಟ್ರಿಜ್

ಹೊಸದನ್ನು ಕೊಂಡ ದಿನವೇ ಬಳಸಿಬಿಡುವವರನ್ನು ಕಂಡರೆ ನನಗೆ ದಿಗಿಲು. ನಮ್ಮ ಮನೆಯಲ್ಲಿ ಹೊಸ ಬೆಡ್‌ಶೀಟು ಎಂದೋ ಬರಲಿರುವ ಬೀಗರಿಗಾಗಿ ಕಾಯುತ್ತದೆ, ಹೊಸ ಸ್ಟೀಲ್ ಡಬ್ಬಿ ಸ್ಟಿಕ್ಕರ್ ಸಮೇತ ಅಟ್ಟದ ಮೇಲಿರುತ್ತದೆ. ರೆಕಾರ್ಡ್ ಪ್ಲೇಯರಿಗೆಂದು ನಾನು ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಯಾವ ಕಾಲದಲ್ಲೋ ಕೊಂಡ ಕಾರ್ಟ್ರಿಜ್, ಅಂದರೆ ಮುಳ್ಳು ಹೊತ್ತಿರುವ ಆ ಪುಟ್ಟ ತಲೆ, ಹಾಗೆಯೇ ಅಲಮಾರಿನಲ್ಲಿ ಕೂತಿತ್ತು. ಹಳೆಯದು ಪೂರ್ತಿ ಸವೆಯಲಿ, ಆಮೇಲೆ ನೋಡೋಣ ಅಂತ. ಹಳೆಯದು ಸವೆಯಿತು, ಪ್ಲೇಯರಿನ ಮೇಲೆ ಬಟ್ಟೆ ಮುಚ್ಚಿದೆವು, ಹೊಸದು ಹೊಸದಾಗಿಯೇ ಉಳಿಯಿತು.

ಕಳೆದ ತಿಂಗಳು ಕುರುಗೋಡಿನಿಂದ ಬಂದ ಅತ್ತೆಯವರಿಗೆ, ಚೀಲದಲ್ಲಿ ಜೋಪಾನವಾಗಿ ತಂದಿದ್ದ, ತೀರಿಹೋದ ಮಾವನ ರೆಕಾರ್ಡು ಕೇಳುವ ಆಸೆಯಾಯಿತು. ಮಾವ ಮೈಕ್ ಸೆಟ್ ಇಟ್ಟಿದ್ದವರು. ಪ್ರತಿ ಮದುವೆಯನ್ನೂ ಒಂದೇ ತೆಲುಗು ಹಾಡಿನಿಂದ ಶುರು ಮಾಡುತ್ತಿದ್ದರು. ನನ್ನ ಹೆಂಡತಿ ಮೊಬೈಲಿನಲ್ಲಿ ಅದನ್ನೇ ಹಚ್ಚಿದಳು. ಅತ್ತೆ ಒಪ್ಪಲಿಲ್ಲ. ಇದು ಎಲ್ಲೂ ಸಿಕ್ಕಿಕೊಳ್ಳೋದೇ ಇಲ್ಲವಲ್ಲ ಎಂಬುದು ಅವರ ತಕರಾರು. ಮಾವನ ರೆಕಾರ್ಡಿನಲ್ಲಿ ಎರಡನೇ ಚರಣಕ್ಕೆ ಮುಳ್ಳು ಸಿಕ್ಕಿ ಒಂದೇ ಸಾಲು ತಿರುತಿರುಗಿ ಬರುತ್ತಿತ್ತಂತೆ. ಮಾವ ಬೆರಳಿನಿಂದ ಮೆಲ್ಲಗೆ ತಟ್ಟಿ ಮುಂದಕ್ಕೆ ಕಳಿಸುತ್ತಿದ್ದರಂತೆ. ಅವರಿಗೆ ಅದು ಬೇಕು, ಅದೂ ಬೆಳಗಿನ ಬಸ್ಸು ಹಿಡಿಯುವುದರೊಳಗೆ.

ಎತ್ತಿಟ್ಟ ಕಾರ್ಟ್ರಿಜ್ ಕೊನೆಗೂ ಕೆಲಸಕ್ಕೆ ಬಂತೆಂದು ನನ್ನ ಎದೆ ಉಬ್ಬಿತು. ಆದರೂ ಒಂದು ಮಾತು ಕೇಳಿಬಿಡೋಣವೆಂದು, ರೆಕಾರ್ಡುಗಳ ಹುಚ್ಚಿರುವ ಸಿರುಗುಪ್ಪದ ಗೆಳೆಯನಿಗೆ ಫೋನು ಮಾಡಿದೆ. ಮುಳ್ಳಿನ ವಜ್ರಕ್ಕೇನೂ ಆಗುವುದಿಲ್ಲ, ಅದನ್ನು ಹಿಡಿದಿರುವ ರಬ್ಬರಿಗೆ ಮಾತ್ರ ಬಳಸದೆ ಇಟ್ಟರೂ ಮುಪ್ಪು ಬರುತ್ತದೆ, ಮೊದಲು ಬೇಡವಾದ ರೆಕಾರ್ಡಿನ ಮೇಲೆ ಇಟ್ಟು ನೋಡು ಎಂದ. ನಮ್ಮ ಮನೆಯಲ್ಲಿ ಬೇಡವಾದ ರೆಕಾರ್ಡು ಯಾವುದೆಂಬ ಬಗ್ಗೆ ಗಂಡಹೆಂಡಿರಲ್ಲಿ ಒಮ್ಮತವಿಲ್ಲ. ಅವಳು ಸೀದಾ ಹೋಗಿ ನನ್ನ ಮೆಚ್ಚಿನ ನಾಟಕದ ರೆಕಾರ್ಡು ತಂದಿಟ್ಟಳು.

ಸೀಲು ಒಡೆದೆ, ಜೋಡಿಸಿದೆ, ದೇವರನ್ನು ನೆನೆದು ಇಳಿಸಿದೆ. ರಬ್ಬರು ಕಲ್ಲಾಗಿತ್ತು. ನಾಟಕದ ರಾಜ ಮೊದಲ ಮಾತಿಗೇ ನೆಗಡಿ ಹತ್ತಿದವನ ಹಾಗೆ ಗೊರಗುಟ್ಟಿದ, ರೆಕಾರ್ಡಿಗೆ ಬೆಳ್ಳನೆಯ ಗೀರು ಬಿತ್ತು.

"ಹೊಸಾದು ಹೊಸಾದು ಅಂತ ಇಟ್ಟಿಟ್ಟ ಹಳೇದು ಮಾಡಿದ್ರಿ ನೋಡ್ರಿ," ಅಂದಳು ಹೆಂಡತಿ.

ಅತ್ತೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಮಾವನ ರೆಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ತಾವೇ ಹಾಡತೊಡಗಿದರು. ಎರಡನೇ ಚರಣಕ್ಕೆ ಬಂದು ಒಂದು ಸಾಲಿನಲ್ಲಿ ನಿಂತರು; ಮತ್ತೆ ಅದೇ ಸಾಲು, ಮತ್ತೆ ಅದೇ. ಮರೆತರೇನೋ ಎಂದು ನಾನು ಗಾಬರಿಯಾದೆ. ಹೆಂಡತಿ ಬೆರಳಿನಿಂದ ಅವರ ಭುಜವನ್ನು ಮೆಲ್ಲಗೆ ತಟ್ಟಿದಳು. ಹಾಡು ಮುಂದಕ್ಕೆ ಹೋಯಿತು. ನನಗೆ ಕಣ್ಣು ತುಂಬಿ ಬಂತು.

ಇನ್ನು ಏನನ್ನೂ ಎತ್ತಿಡಬಾರದೆಂದು ಆಣೆ ಮಾಡಿದೆ. ಬೆಳಿಗ್ಗೆ ಅತ್ತೆಯನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟಾಗ, ಮದುವೆಯಾದ ಮೊದಲ ದೀಪಾವಳಿಗೆ ಅವರೇ ಕೊಟ್ಟಿದ್ದ ರೇಷ್ಮೆ ಅಂಗಿಯ ಗುಂಡುಪಿನ್ನು ಕಿತ್ತು ತೊಟ್ಟೆ. ಬಣ್ಣ ಮಾಸಿರಲಿಲ್ಲ, ಒಂದು ಎಳೆಯೂ ಬಿಟ್ಟಿರಲಿಲ್ಲ. ಹೊಟ್ಟೆಯ ಮೇಲಿನ ಗುಂಡಿಗಳು ಮಾತ್ರ ತಮ್ಮ ಕಾಜಾಗಳನ್ನು ದೂರದಿಂದಲೇ ನೋಡುತ್ತಿದ್ದವು.

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು.

"ಅಂಗಿಗೇನೂ ಆಗಿಲ್ಲ ಬಿಡ್ರಿ," ಅಂದರು. "ಹೊಸಾದ ಐತಿ."